ನನ್ನ ಲ್ಯಾಪ್‌ಟಾಪ್‌ನ್ಯಾಗ ನಡೀತದ, ಅಂಗಡ್ಯಾಗ ಯಾಕ ನಡೀವಲ್ದು?

ಪ್ರಶ್ನೆ: ಸರ್, ನಮಸ್ಕಾರ್ರಿ. ಕಲಬುರಗಿ ಗಂಜ್‌ನಲ್ಲಿ ನಮ್ಮ ಕಾಕಾನ ಅಡತಿ ಅಂಗಡಿ ಇದೆ. ರೈತರು ತೊಗರಿ ತಂದಾಗ ಚೀಲ, ತೂಕ, ದರ, ಹಮಾಲಿ ಲೆಕ್ಕ ಹಾಕಿ ಕನ್ನಡದಲ್ಲೇ ಪಟ್ಟಿ ಮುದ್ರಿಸುವ ಸಣ್ಣ ತಂತ್ರಾಂಶವೊಂದನ್ನು ಸಿ ಪ್ಲಸ್‌ಪ್ಲಸ್‌ನಲ್ಲಿ ಬರೆದಿದ್ದೇನೆ. ಅಕ್ಷರ ಮೂಡಿಸಲು ಪ್ಯಾಂಗೊ ಲೈಬ್ರರಿ ಬಳಸಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04 ಇದೆ, ಅಲ್ಲಿ ಚೆನ್ನಾಗಿ ನಡೆಯುತ್ತದೆ. ಡೆಬ್ ಪ್ಯಾಕೇಜ್ ಮಾಡಿ ಅಂಗಡಿಯ ಡೆಬಿಯನ್ 12 ಕಂಪ್ಯೂಟರ್‌ಗೆ ಹಾಕಿದೆ. ಹಾಕುವಾಗ ಏನೂ ತಕರಾರಿಲ್ಲ, ತೆರೆದರೆ ಮಾತ್ರ 'ಜಿಲಿಬ್‌ಸಿ 2.38 ಸಿಗಲಿಲ್ಲ' ಅಂತ ನಿಲ್ಲುತ್ತದೆ. ಪರಿಚಯದ ದಾಲ್ ಮಿಲ್‌ನಲ್ಲಿ ಉಬುಂಟು 24.04 ಸರ್ವರ್ ಇತ್ತು. ಅದು ಕೇಳಿದ ಲೈಬ್ರರಿಗಳನ್ನು ಒಂದೊಂದಾಗಿ ಹಾಕಿದ ಮೇಲೆ ತೆರೆಯಿತು, ಆದರೆ ಪಟ್ಟಿಯಲ್ಲಿ ಅಂಕಿ ಸರಿ, ಕನ್ನಡದ ಜಾಗದಲ್ಲಿ ಬರೀ ಚೌಕ. ವರ್ಚುವಲ್ ಮಷೀನ್ ಒಳಗೆ ಬಿಲ್ಡ್ ಮಾಡು ಅಂತ ಗೆಳೆಯ ಹೇಳಿದ. ಪೂರ್ತಿ ಟರ್ಮಿನಲ್‌ನಿಂದಲೇ ಮಾಡಲು ಬರುತ್ತದಾ? ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ, ನೆಟ್ ಮೊಬೈಲ್ ಹಾಟ್‌ಸ್ಪಾಟ್‌ದು.

ಉತ್ತರ: ಬರುತ್ತದೆ, ಮೌಸ್ ಮುಟ್ಟದೆಯೇ ಬರುತ್ತದೆ. ಆದರೆ ನಿಮ್ಮ ಎರಡು ತೊಂದರೆಗಳು ಯಾಕೆ ಬಂದವು ಎಂಬುದನ್ನು ಮೊದಲು ನೋಡೋಣ. ಅದು ತಿಳಿಯದೆ ವರ್ಚುವಲ್ ಮಷೀನ್ (ವಿಎಂ, ಅಂದರೆ ಕಂಪ್ಯೂಟರ್ ಒಳಗೆ ತಂತ್ರಾಂಶವೇ ನಡೆಸುವ ಇನ್ನೊಂದು ಕಂಪ್ಯೂಟರ್) ಹಾಕಿಕೊಂಡರೆ ನಾಲ್ಕು ವಾರದಲ್ಲಿ ಅದೂ ನಿಮ್ಮ ಲ್ಯಾಪ್‌ಟಾಪ್‌ನ ಹಾಗೇ ಆಗಿ, ಇದೇ ಪ್ರಶ್ನೆ ಮತ್ತೆ ಬರೆಯುತ್ತೀರಿ.

ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಹೆಚ್ಚಿನ ಪ್ರೋಗ್ರಾಂಗಳು ನಿಂತಿರುವ ಮೂಲ ಸಿ ಲೈಬ್ರರಿ. ಉಬುಂಟು 24.04ರಲ್ಲಿರುವುದು ಅದರ 2.39, ಡೆಬಿಯನ್ 12ರಲ್ಲಿರುವುದು 2.36. ಹಳೆಯದರಲ್ಲಿ ಬಿಲ್ಡ್ ಮಾಡಿದ್ದು, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟಿದ್ದು, ಹೊಸದರಲ್ಲಿ ನಡೆಯುತ್ತದೆ, ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ನಡೆಯುವ ಭರವಸೆ ಇಲ್ಲ. ಇಷ್ಟು ನಿಮಗೂ ಗೊತ್ತಿರಬಹುದು. ನನಗೆ ಸ್ವಾರಸ್ಯ ಅನ್ನಿಸಿದ್ದು ನಿಮ್ಮ ದೋಷದ ಸಾಲು 2.39 ಅನ್ನದೆ 2.38 ಅಂದದ್ದು. ನಿಮ್ಮ ಕೋಡ್ ನೋಡಿಲ್ಲ, ಆದರೂ ಹೇಳುತ್ತೇನೆ: ಚೀಲದ ಸಂಖ್ಯೆಯನ್ನು ಪಠ್ಯದಿಂದ ಅಂಕಿಗೆ ತಿರುಗಿಸಲು ನೀವು ಸ್ಟೊಯ್ ಅಥವಾ ಸ್ಟ್ರಿಟಾಲ್ ಎಂಬ ಫಂಕ್ಷನ್ ಬಳಸಿರಬೇಕು. ಸಿ ಭಾಷೆಯ 2023ರ ಮಾನಕದಲ್ಲಿ, ಸೊನ್ನೆ ಮತ್ತು ಬಿ ಅಕ್ಷರದಿಂದ ಶುರುವಾಗುವ ದ್ವಿಮಾನ ಸಂಖ್ಯೆಯನ್ನೂ ಸ್ಟ್ರಿಟಾಲ್ ಓದಬೇಕೆಂದು ಬಂತು. ಹಳೆ ಪ್ರೋಗ್ರಾಂಗಳ ನಡತೆ ಕೆಡಬಾರದೆಂದು ಜಿಲಿಬ್‌ಸಿಯವರು 2.38ರಲ್ಲಿ ಹಳೆ ಸ್ಟ್ರಿಟಾಲ್ ಅನ್ನು ಹಾಗೇ ಇಟ್ಟು, ಹೊಸದಕ್ಕೆ 'ಐಸೊಸಿ23' ಎಂಬ ಮುಂಪದ ಹಚ್ಚಿ ಬೇರೆ ಹೆಸರು ಕೊಟ್ಟರು. ನಿಮ್ಮ ಕಂಪೈಲರ್ ಜಿ ಪ್ಲಸ್‌ಪ್ಲಸ್ ತಾನಾಗಿಯೇ ಗ್ನೂ ಸೌಲಭ್ಯಗಳನ್ನೆಲ್ಲ ತೆರೆದಿಟ್ಟುಕೊಳ್ಳುವುದರಿಂದ, ನೀವು ಕೇಳದಿದ್ದರೂ ನಿಮ್ಮ ಪ್ರೋಗ್ರಾಂ ಆ ಹೊಸ ಹೆಸರಿಗೇ ಗಂಟು ಬಿತ್ತು. ಆಬ್ಜ್‌ಡಂಪ್ ಕಮಾಂಡ್‌ಗೆ ದೊಡ್ಡ ಟಿ ಆಯ್ಕೆ ಕೊಟ್ಟು, ಬಂದ ಸಾಲುಗಳಲ್ಲಿ 2.38 ಅಂತ ಹುಡುಕಿ. ಆ ಹೆಸರು ಅಲ್ಲಿ ಕೂತಿರುತ್ತದೆ. ತೊಗರಿ ಚೀಲವನ್ನು ದ್ವಿಮಾನದಲ್ಲಿ ಎಣಿಸುವ ರೈತ ನಮ್ಮ ಗಂಜ್‌ಗೆ ಇನ್ನೂ ಬಂದಿಲ್ಲ, ಆದರೂ ನಿಮ್ಮ ಪಟ್ಟಿ ನಿಂತದ್ದು ಅದೇ ಕಾರಣಕ್ಕೆ.

ಅಂಗಡಿಯ ಕಂಪ್ಯೂಟರ್‌ಗೆ ಹೊಸ ಜಿಲಿಬ್‌ಸಿ ಎಳೆದು ಹಾಕಿ ಎಂದು ಹೇಳುವವರು ಸಿಗುತ್ತಾರೆ. ಆ ಮಾತು ಕೇಳಬೇಡಿ. ಆ ಕಂಪ್ಯೂಟರ್‌ನಲ್ಲಿರುವ ಸಣ್ಣ ಎಲ್‌ಎಸ್ ಕಮಾಂಡ್ ಕೂಡ ಅದರ ಮೇಲೇ ನಿಂತಿದೆ. ಸುಗ್ಗಿ ಹೊತ್ತಿನಲ್ಲಿ ಕಾಕಾ ಕೈಯಲ್ಲಿ ಬೈಗುಳ ತಿನ್ನುವವರು ನೀವು, ಸಲಹೆ ಕೊಟ್ಟವರಲ್ಲ.

ಎರಡನೆಯ ತೊಂದರೆ, ಚೌಕಗಳದ್ದು. ಪ್ಯಾಂಗೊ ಲೈಬ್ರರಿಯ ಬೆನ್ನಿಗೆ ಫಾಂಟ್ ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಬರುತ್ತದೆ, ಅದರ ಬೆನ್ನಿಗೆ ಸಾಮಾನ್ಯವಾಗಿ ಡೆಜಾವು ಫಾಂಟ್. ಡೆಜಾವುದಲ್ಲಿ ಅಂಕಿ ಇದೆ, ಇಂಗ್ಲಿಷ್ ಇದೆ, ಕನ್ನಡ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಫಾಂಟ್ ಮೊದಲಿನಿಂದ ಇತ್ತು, ಆದ್ದರಿಂದ ನಿಮಗೆ ಅದರ ನೆನಪೇ ಬರಲಿಲ್ಲ. ಪ್ಯಾಕೇಜ್ ಹಾಕುವಾಗ ತಕರಾರು ಬರಲಿಲ್ಲ, ಲೈಬ್ರರಿಗಳನ್ನು ಒಂದೊಂದಾಗಿ ಕೈಯಿಂದ ಹಾಕಬೇಕಾಯಿತು ಅನ್ನುತ್ತೀರಲ್ಲ, ಅಂದರೆ ಫೋಲ್ಡರ್ ಜೋಡಿಸಿ ಡಿಪಿಕೆಜಿ-ಡೆಬ್ ಕಮಾಂಡ್‌ನಿಂದ ಗಂಟು ಕಟ್ಟಿದ್ದೀರಿ. ಹಾಗೆ ಕಟ್ಟಿದ ಪ್ಯಾಕೇಜ್‌ಗೆ ತನಗೆ ಏನೇನು ಬೇಕು ಅಂತ ಹೇಳಲು ಬಾಯಿಲ್ಲ.

ಎರಡೂ ತೊಂದರೆಗೆ ಮೂಲ ಒಂದೇ. ಗಂಜ್‌ನಲ್ಲಿ ದಿನಾ ನೋಡುತ್ತೀರಿ: ಕಾಟಾದ ಮೇಲೆ ಚೀಲ ಇಡುವ ಮೊದಲು ಸೊನ್ನೆ ಬಂತಾ ಅಂತ ರೈತ ಬಗ್ಗಿ ನೋಡುತ್ತಾನೆ, ಹಿಂದಿನ ಚೀಲದ ನಾಲ್ಕು ಕಾಳು ಬಿದ್ದಿದ್ದರೆ ಕೈಯಿಂದ ಸರಿಸುತ್ತಾನೆ. ನಿಮ್ಮ ಲ್ಯಾಪ್‌ಟಾಪ್ ಎಂದೂ ಸೊನ್ನೆಗೆ ಬಾರದ ಕಾಟಾ. ವರ್ಷಗಟ್ಟಲೆ ಹಾಕಿದ ಲೈಬ್ರರಿ, ಫಾಂಟ್, ಹೆಡರ್ ಎಲ್ಲ ಅದರ ಮೇಲೆ ಬಿದ್ದಿವೆ. ವರ್ಚುವಲ್ ಮಷೀನ್ ನಿಮಗೆ ಕೊಡಬೇಕಾದದ್ದು ಪ್ರತಿ ಬಿಲ್ಡ್‌ಗೂ ಸೊನ್ನೆಯಿಂದ ಶುರುವಾಗುವ, ನಿನ್ನೆಯದು ಏನೂ ನೆನಪಿಲ್ಲದ ಯಂತ್ರ. ಹಾಗೆ ಬಳಸದಿದ್ದರೆ ಅದು ಬರೀ ಎರಡನೇ ಲ್ಯಾಪ್‌ಟಾಪ್.

ವಿಎಂ ಬದಲು ಅದಕ್ಕಿಂತ ಹಗುರವಾದ ಕಂಟೇನರ್ ಸಾಲದಾ ಅಂತ ಕೆಲವರು ಕೇಳಬಹುದು. ಬರೀ ಬಿಲ್ಡ್ ಮಾತ್ರವಾದರೆ ಸಾಕು. ಡೆಬಿಯನ್‌ನವರ ಬಿಲ್ಡ್ ಯಂತ್ರಗಳೂ ಎಸ್‌ಬಿಲ್ಡ್ ಎಂಬ ಸಾಧನ ಬಳಸಿ ಪ್ರತ್ಯೇಕ ಫೈಲ್ ವ್ಯವಸ್ಥೆಯೊಳಗೆ ಕೆಲಸ ಮಾಡುತ್ತವೆ. ಓಪನ್‌ಸೂಸೆ ಎಂಬ ಇನ್ನೊಂದು ಲಿನಕ್ಸ್‌ನವರ ಓಪನ್ ಬಿಲ್ಡ್ ಸರ್ವಿಸ್‌ನಲ್ಲಿ ವರ್ಚುವಲ್ ಮಷೀನ್‌ನೊಳಗೇ ಬಿಲ್ಡ್ ಮಾಡುವ ಏರ್ಪಾಡಿದೆ. ಅದರ ಓಎಸ್‌ಸಿ ಕಮಾಂಡ್‌ಗೆ ಕೆವಿಎಂ (ಲಿನಕ್ಸ್‌ನಲ್ಲೇ ಇರುವ ವಿಎಂ ಸೌಲಭ್ಯ) ಬೇಕೆಂದು ಒಂದು ಆಯ್ಕೆ ಕೊಟ್ಟರೆ ನಿಮ್ಮ ಮೇಜಿನ ಮೇಲೂ ಅದೇ ನಡೆಯುತ್ತದೆ. ನಿಮಗೆ ನಾನು ವಿಎಂ ಹೇಳುವುದು ಯಾಕೆಂದರೆ ನಿಮ್ಮ ಪ್ಯಾಕೇಜ್ ಬಿಲ್ಡ್ ಆದರೆ ಮುಗಿಯುವುದಿಲ್ಲ. ಅಂಗಡಿಯಲ್ಲಿರುವಂಥ ಯಂತ್ರ ಪೂರ್ತಿ ಬೂಟ್ ಆಗಿ, ಅದರಲ್ಲಿ ಪ್ಯಾಕೇಜ್ ಕೂತು, ಪಟ್ಟಿ ಹೊರಗೆ ಬರುವ ತನಕ ನೋಡಬೇಕು. ಕಂಟೇನರ್ ನಿಮ್ಮ ಲ್ಯಾಪ್‌ಟಾಪ್‌ನದೇ ಕರ್ನಲ್ (ವ್ಯವಸ್ಥೆಯ ತಿರುಳು) ಮೇಲೆ ಓಡುತ್ತದೆ, ಹೀಗೆ ಬೂಟ್ ಆಗುವುದಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದ ಹಾಗೆ ಬರೆಯುತ್ತಿದ್ದೇನೆ. ಪೂರ್ತಿ ಕಾಗುಣಿತಕ್ಕೆ ಟರ್ಮಿನಲ್‌ನಲ್ಲಿ ಮ್ಯಾನ್ ಪುಟ ತೆರೆದುಕೊಳ್ಳಿ.

ಮೊದಲು ಪ್ರೊಸೆಸರ್ ನೋಡಿ. ಪ್ರಾಕ್ ಫೋಲ್ಡರ್‌ನ ಸಿಪಿಯುಇನ್ಫೊ ಫೈಲ್‌ನಲ್ಲಿ ಇಂಟೆಲ್ ಆದರೆ ವಿಎಂಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಎಂಬ ಪದ ಇರಬೇಕು. ಇಲ್ಲದಿದ್ದರೆ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆಫ್ ಆಗಿರಬಹುದು. ವಿಎಂ ಓಡಿಸುವ ತಂತ್ರಾಂಶ ಕ್ಯೂಎಮು. ಅದನ್ನು ಫಬ್ರಿಸ್ ಬೆಲ್ಲಾರ್ 2003ರಲ್ಲಿ ಶುರು ಮಾಡಿದಾಗ ಅದು ಒಳಗಿನ ಯಂತ್ರದ ಸೂಚನೆಗಳನ್ನು ತಾನೇ ಅನುವಾದಿಸಿ ಓಡಿಸುತ್ತಿತ್ತು. 2007ರಲ್ಲಿ ಲಿನಕ್ಸ್ 2.6.20ರೊಂದಿಗೆ ಕೆವಿಎಂ ಬಂದ ಮೇಲೆ ಆ ಸೂಚನೆಗಳು ಬಹುಮಟ್ಟಿಗೆ ನೇರ ನಿಮ್ಮ ಪ್ರೊಸೆಸರ್ ಮೇಲೇ ಓಡುತ್ತವೆ. ಕೆವಿಎಂ ಹತ್ತಿಕೊಳ್ಳದಿದ್ದರೆ ಐದು ನಿಮಿಷದ ಕಂಪೈಲ್ ಹಲವು ಪಟ್ಟು ಎಳೆಯುತ್ತದೆ. ಹಾಗಾಗಿ ಎನೇಬಲ್-ಕೆವಿಎಂ ಆಯ್ಕೆಯನ್ನು ಕೈಯಾರೆ ಕೊಡಿ, ಕೆವಿಎಂ ಸಿಗದಿದ್ದರೆ ಕ್ಯೂಎಮು ಸುಮ್ಮನೆ ತೆವಳುವ ಬದಲು ದೋಷ ತೋರಿಸಿ ನಿಲ್ಲುತ್ತದೆ. 'ಪರ್ಮಿಶನ್ ಡಿನೈಡ್' ಅಂದರೆ ನಿಮ್ಮ ಯೂಸರ್ ಅನ್ನು ಕೆವಿಎಂ ಗ್ರೂಪ್‌ಗೆ ಸೇರಿಸಿ, ಲಾಗೌಟ್ ಆಗಿ ಬನ್ನಿ.

ಡೆಬಿಯನ್‌ನವರೇ ಕ್ಲೌಡ್ ಇಮೇಜ್‌ಗಳನ್ನು, ಅಂದರೆ ವ್ಯವಸ್ಥೆ ಮೊದಲೇ ಹಾಕಿರುವ ಡಿಸ್ಕ್ ಫೈಲ್‌ಗಳನ್ನು, ಕೊಡುತ್ತಾರೆ. ಬುಕ್‌ವರ್ಮ್, ಅಂದರೆ ಡೆಬಿಯನ್ 12ರ, 'ನೊಕ್ಲೌಡ್' ಹೆಸರಿನ ಕ್ಯೂಕೌ2 ಫೈಲ್ ಇಳಿಸಿಕೊಳ್ಳಿ. ಐಎಸ್‌ಒ ಇಳಿಸಿ, ಇನ್‌ಸ್ಟಾಲರ್‌ನ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸವಿಲ್ಲ. ಬೂಟ್ ಆದರೆ ಪಾಸ್‌ವರ್ಡ್ ಇಲ್ಲದೆ ರೂಟ್ ಆಗಿ ಒಳಗೆ ಹೋಗುತ್ತೀರಿ. ಹಾಟ್‌ಸ್ಪಾಟ್ ಡೇಟಾ ರಾತ್ರಿ ಉಳಿದಿದ್ದರೆ ಆಗ ಇಳಿಸಿ. ಡಿಸ್ಕ್ ಬಹಳ ಸಣ್ಣದಾಗಿರುತ್ತದೆ, ಕ್ಯೂಎಮು-ಐಎಂಜಿ ರಿಸೈಜ್ ಕೊಟ್ಟು 10 ಜಿಬಿ ಹಿಗ್ಗಿಸಿ. ಒಳಗೆ ಹೋದ ಮೇಲೆ ಡಿಎಫ್ ಕಮಾಂಡ್‌ನಲ್ಲಿ ಹಿಗ್ಗಿದ್ದು ಕಾಣದಿದ್ದರೆ ಗ್ರೋಪಾರ್ಟ್, ಆಮೇಲೆ ರಿಸೈಜ್2ಎಫ್‌ಎಸ್.

ಓಡಿಸುವ ಸಾಲಿನಲ್ಲಿ ಇರಬೇಕಾದವು ಇಷ್ಟು: ಕೆವಿಎಂ, 3072 ಎಂಬಿ ಮೆಮೊರಿ, ಎರಡು ಪ್ರೊಸೆಸರ್, ಡಿಸ್ಕ್ ಫೈಲ್‌ನ ಹೆಸರು, ಲ್ಯಾಪ್‌ಟಾಪ್‌ನ 2222ನೇ ಪೋರ್ಟ್ ಅನ್ನು ಒಳಗಿನ 22ಕ್ಕೆ ಕಳಿಸುವ ಯೂಸರ್ ನೆಟ್‌ವರ್ಕ್, ಕೊನೆಗೆ ನೊಗ್ರಾಫಿಕ್. ಇದನ್ನು ಕೊಟ್ಟರೆ ಕಿಟಕಿ ತೆರೆಯುವುದಿಲ್ಲ, ಬೂಟ್ ಸಾಲುಗಳು ನಿಮ್ಮ ಟರ್ಮಿನಲ್‌ನಲ್ಲೇ ಇಳಿಯುತ್ತವೆ. ಹೊರಗೆ ಬರಲು ಕಂಟ್ರೋಲ್ ಜೊತೆ ಎ ಒತ್ತಿ ಬಿಟ್ಟು, ಎಕ್ಸ್ ಒತ್ತಿ. ಇದು ಗೊತ್ತಿಲ್ಲದೆ ಮೊದಲ ದಿನ ನಾನು ಟರ್ಮಿನಲ್ಲನ್ನೇ ಮುಚ್ಚಿ ಓಡಿದ್ದೆ. ಅದು ಕರೆಂಟ್ ತೆಗೆದ ಹಾಗೆ. ತಳದ ಇಮೇಜ್, ಅಂದರೆ ಮುಂದಿನ ಬಿಲ್ಡ್‌ಗಳಿಗೆಲ್ಲ ಬುಡವಾಗುವ ಈ ಡಿಸ್ಕ್ ಫೈಲ್, ತಯಾರು ಮಾಡುವಾಗ ಮಾತ್ರ ಒಳಗಿನಿಂದ ಪವರ್‌ಆಫ್ ಕೊಟ್ಟೇ ಮುಗಿಸಿ.

ಪ್ರೊಸೆಸರ್ ಎರಡೇ ಯಾಕೆ ಅಂದರೆ, ಪ್ಯಾಕೇಜ್ ಕಟ್ಟುವ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಕಮಾಂಡ್ ವಿಎಂ ಒಳಗೆ ಎಷ್ಟು ಪ್ರೊಸೆಸರ್ ಕಾಣುತ್ತವೋ ಅಷ್ಟು ಕಂಪೈಲ್‌ಗಳನ್ನು ಒಟ್ಟಿಗೆ ಹಚ್ಚುತ್ತದೆ. ಸಿ ಪ್ಲಸ್‌ಪ್ಲಸ್ ಫೈಲ್ ಒಂದೊಂದೇ ಕೆಲವು ನೂರು ಎಂಬಿ ನುಂಗಬಲ್ಲದು. ಎಂಟು ಕೊಟ್ಟು, ಮೆಮೊರಿ 3 ಜಿಬಿ ಇಟ್ಟರೆ ನಡುವೆ 'ಕಿಲ್ಡ್' ಎಂಬ ಒಂದೇ ಪದ ಬಂದು ನಿಲ್ಲಬಹುದು. ಆಗ ಜನ ತಮ್ಮ ಕೋಡ್‌ನಲ್ಲಿ ತಪ್ಪು ಹುಡುಕಲು ಕೂರುತ್ತಾರೆ. ಕೋಡ್ ಸರಿ ಇರುತ್ತದೆ, ಮೆಮೊರಿ ಸಾಲದೆ ಕರ್ನಲ್ಲೇ ಕಂಪೈಲರ್ ಕತ್ತು ಹಿಸುಕಿರುತ್ತದೆ. ಮೇ ತಿಂಗಳಲ್ಲಿ ಇನ್ನೊಂದು ಕಾರಣವೂ ಇದೆ. ಕಲಬುರಗಿಯ ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಬಿಸಿಯೇರಿ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಎರಡು ಕೊಟ್ಟರೂ ಅಷ್ಟೇ, ನಾಲ್ಕು ಕೊಟ್ಟರೂ ಅಷ್ಟೇ. ದೊಡ್ಡ ಬಿಲ್ಡ್ ನಾನು ನಸುಕಿನಲ್ಲಿ ಹಚ್ಚುತ್ತೇನೆ.

ತಳದ ಇಮೇಜ್‌ನಲ್ಲಿ ಬಿಲ್ಡ್-ಎಸೆನ್ಶಿಯಲ್, ಡೆಬ್‌ಹೆಲ್ಪರ್, ಓಪನ್‌ಎಸ್‌ಎಸ್‌ಎಚ್ ಸರ್ವರ್ ಹಾಕಿ, ಲ್ಯಾಪ್‌ಟಾಪ್‌ನಿಂದ ಒಳಗೆ ಹೋಗಲು ನಿಮ್ಮ ಎಸ್‌ಎಸ್‌ಎಚ್ ಕೀ ಇಡಿ. ಪ್ಯಾಕೇಜ್ ತರಿಸುವ ಕಮಾಂಡ್ ಆಪ್ಟ್. ದಿನಾ ತಾನೇ ಓಡುವ ಅದರ ಆಪ್ಟ್-ಡೈಲಿ ಟೈಮರ್‌ಗಳನ್ನು ಮಾಸ್ಕ್ ಮಾಡಿ, ಇಲ್ಲದಿದ್ದರೆ ಬೂಟ್ ಆದ ಕೂಡಲೇ ಅವೇ ಆಪ್ಟ್ ಬೀಗ ಹಿಡಿದು ಕೂತು ನಿಮ್ಮ ಸ್ಕ್ರಿಪ್ಟ್‌ಗೆ 'ಲಾಕ್ ಸಿಗಲಿಲ್ಲ' ಅನ್ನಬಹುದು. ಅಷ್ಟೇ ಹಾಕಿ. ಪ್ಯಾಂಗೊ ಅಲ್ಲಿ ಹಾಕಬೇಡಿ, ಫಾಂಟ್ ಅಂತೂ ಬೇಡವೇ ಬೇಡ. ಅವು ಇಲ್ಲದಿರುವುದೇ ಈ ಇಮೇಜ್‌ನ ಬೆಲೆ. ಪವರ್‌ಆಫ್ ಮಾಡಿ, ಚ್‌ಮೋಡ್ 444 ಕೊಟ್ಟು ಓದಲು ಮಾತ್ರ ಎಂದು ಬೀಗ ಹಾಕಿ.

ಇನ್ನು ಮೇಲೆ ಈ ಫೈಲನ್ನು ಬೂಟ್ ಮಾಡುವುದಿಲ್ಲ. ಪ್ರತಿ ಬಿಲ್ಡ್‌ಗೆ ಅದರ ಮೇಲೊಂದು ಪದರ ಹಾಸುತ್ತೀರಿ. ಕ್ಯೂಎಮು-ಐಎಂಜಿ ಕ್ರಿಯೇಟ್‌ಗೆ ಸಣ್ಣ ಬಿ ಆಯ್ಕೆಯಲ್ಲಿ ತಳದ ಫೈಲ್, ದೊಡ್ಡ ಎಫ್ ಆಯ್ಕೆಯಲ್ಲಿ ಅದರ ಬಗೆ ಕ್ಯೂಕೌ2 ಅಂತ ಕೊಡಿ. ಕ್ಯೂಎಮು 6.1ರಿಂದ ಬಗೆ ಹೇಳದಿದ್ದರೆ ಕೆಲಸವೇ ಆಗುವುದಿಲ್ಲ, ಹಳೆ ಟಿಪ್ಪಣಿಗಳನ್ನು ನಕಲು ಮಾಡುವವರು ಇಲ್ಲೇ ಎಡವುತ್ತಾರೆ. ಹುಟ್ಟುವ ಓವರ್‌ಲೇ ಫೈಲ್ ಕೆಲವೇ ನೂರು ಕೆಬಿ. ಒಳಗೆ ಬರೆದದ್ದೆಲ್ಲ ಅದಕ್ಕೆ ಹೋಗುತ್ತದೆ, ತಳ ಹಾಗೇ ಇರುತ್ತದೆ. ಬಿಲ್ಡ್ ಮುಗಿದ ಮೇಲೆ ಓವರ್‌ಲೇ ಅಳಿಸಿದರೆ ಕಾಟಾ ಮತ್ತೆ ಸೊನ್ನೆ. ಅದೂ ಬೇಡ ಅನ್ನುವವರಿಗೆ ಸ್ನ್ಯಾಪ್‌ಶಾಟ್ ಎಂಬ ಆಯ್ಕೆ ಇದೆ, ಮುಚ್ಚಿದ ಕೂಡಲೇ ಎಲ್ಲ ಮಾಯ. ನಾನು ಓವರ್‌ಲೇ ಪಕ್ಷ. ಬಿಲ್ಡ್ ಕೆಟ್ಟಾಗ ಒಳಗೆ ಮತ್ತೆ ಹೊಕ್ಕು ಹೆಣ ಪರೀಕ್ಷೆ ಮಾಡಬಹುದು.

ಬೀಗ ಹಾಕಲು ಹೇಳಿದ್ದು ಪೆಟ್ಟು ತಿಂದವನ ಮಾತು. ಒಮ್ಮೆ ತಳದ ಇಮೇಜ್‌ಗೆ ಅಪ್‌ಡೇಟ್ ಹಾಕೋಣ ಅಂತ ಅದನ್ನೇ ಬೂಟ್ ಮಾಡಿದೆ. ಅದರ ಮೇಲೆ ವಾರದ ಕೆಲಸ ಇದ್ದ ಓವರ್‌ಲೇ ಇದೆ ಅನ್ನುವುದು ನೆನಪಿರಲಿಲ್ಲ. ಓವರ್‌ಲೇ ಎಂದರೆ ತಳದ ಯಾವ ತುಂಡು ಬದಲಾಗಿದೆ ಎಂಬ ಲೆಕ್ಕ ಮಾತ್ರ. ತಳವೇ ಸರಿದರೆ ಆ ಲೆಕ್ಕ ಯಾವುದಕ್ಕೂ ಹೊಂದುವುದಿಲ್ಲ. ಸಂಜೆ ತೆರೆದಾಗ ಫೈಲ್ ವ್ಯವಸ್ಥೆ ಪುಡಿಪುಡಿ. ಅಪ್‌ಡೇಟ್ ಬೇಕಾದರೆ ತಳದ ನಕಲು ಮಾಡಿ, ನಕಲಿಗೆ ಹಾಕಿ, ಹೊಸ ಹೆಸರು ಕೊಡಿ.

ಕೋಡ್ ಒಳಗೆ ಕಳಿಸುವುದು ಹೇಗೆ? ಲ್ಯಾಪ್‌ಟಾಪ್‌ನ ಫೋಲ್ಡರನ್ನೇ ವಿಎಂ ಒಳಗೆ ಹಂಚಿಕೊಳ್ಳುವ ದಾರಿಗಳಿವೆ, ಸುಲಭ ಕೂಡ. ಬಿಲ್ಡ್‌ಗೆ ಅದು ಬೇಡ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಆದ ಹಳೆ ಒ ಫೈಲ್‌ಗಳೂ ಜೊತೆಗೆ ಬರುತ್ತವೆ. ಕಂಪೈಲ್ ನಡೆಸುವ ಮೇಕ್ ಅವನ್ನು ನೋಡಿ 'ಮಾಡಲು ಏನೂ ಉಳಿದಿಲ್ಲ' ಅಂತ ಕೈ ಕಟ್ಟಿ ಕೂರಬಹುದು. ಆಗ ಡೆಬಿಯನ್ 12 ಒಳಗೆ ಕೂತು ಉಬುಂಟು ಕಂಪೈಲ್‌ನ್ನೇ ಪ್ಯಾಕ್ ಮಾಡಿ, 2.38 ಯಾಕೆ ಹೋಗಲಿಲ್ಲ ಅಂತ ತಲೆ ಕೆರೆದುಕೊಳ್ಳುತ್ತೀರಿ. ಗಿಟ್ ಆರ್ಕೈವ್‌ನಿಂದ ಟಾರ್ ಮಾಡಿ, ಎಸ್‌ಸಿಪಿಯಲ್ಲಿ 2222ನೇ ಪೋರ್ಟ್‌ಗೆ ಕಳಿಸಿ. ಗಿಟ್‌ಗೆ ಸೇರಿಸಲು ಮರೆತ ಫೈಲ್ ಯಾವುದು ಎಂಬುದೂ ಆಗಲೇ ಬಯಲಾಗುತ್ತದೆ.

ಪ್ಯಾಕೇಜ್ ವಿಧಾನವನ್ನು ಈಗ ಬದಲಿಸಿ. ಕೋಡ್ ಫೋಲ್ಡರ್‌ನಲ್ಲಿ ಡೆಬಿಯನ್ ಎಂಬ ಉಪಫೋಲ್ಡರ್, ಅದರಲ್ಲಿ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್. ರೂಲ್ಸ್ ಮೂರು ಸಾಲು ಸಾಕು, ಉಳಿದದ್ದನ್ನು ಡೆಬ್‌ಹೆಲ್ಪರ್ ನೋಡಿಕೊಳ್ಳುತ್ತದೆ. ನಿಮ್ಮ ಮೇಕ್‌ಫೈಲ್‌ನಲ್ಲಿ ಇನ್‌ಸ್ಟಾಲ್ ಗುರಿ ಇರಬೇಕು, ಅಷ್ಟೇ. ಕಂಟ್ರೋಲ್ ಫೈಲ್‌ನ ಬಿಲ್ಡ್-ಡಿಪೆಂಡ್ಸ್ ಸಾಲಿನಲ್ಲಿ ಬಿಲ್ಡ್‌ಗೆ ಬೇಕಾದವು, ಡಿಪೆಂಡ್ಸ್ ಸಾಲಿನಲ್ಲಿ ಓಡಲು ಬೇಕಾದವು. ವಿಎಂ ಒಳಗೆ ಆಪ್ಟ್ ಬಿಲ್ಡ್-ಡೆಪ್‌ಗೆ ಈ ಫೋಲ್ಡರ್ ತೋರಿಸಿದರೆ ಮೊದಲ ಸಾಲಿನವನ್ನು ಹಾಕಿಕೊಳ್ಳುತ್ತದೆ. ಆಮೇಲೆ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್, ಸಹಿ ಬೇಡ, ಬೈನರಿ ಮಾತ್ರ ಎಂಬ ಆಯ್ಕೆಗಳೊಂದಿಗೆ.

ಮೊದಲ ಸಲ ಇದು ಕೆಡುತ್ತದೆ. 'ಪ್ಯಾಂಗೊಕೈರೊ ಹೆಡರ್ ಫೈಲ್ ಇಲ್ಲ' ಅನ್ನುತ್ತದೆ. ಬೇಜಾರಾಗಬೇಡಿ, ಇದಕ್ಕೇ ಇಷ್ಟೆಲ್ಲ ಮಾಡಿದ್ದು. ಒಳಗೆ ಕೈಯಿಂದ ಆಪ್ಟ್ ಇನ್‌ಸ್ಟಾಲ್ ಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಪ್ಯಾಂಗೊದ ಡೆವ್ ಪ್ಯಾಕೇಜ್‌ನ ಹೆಸರನ್ನು ಬಿಲ್ಡ್-ಡಿಪೆಂಡ್ಸ್‌ಗೆ ಬರೆದು, ಓವರ್‌ಲೇ ಅಳಿಸಿ, ಮೊದಲಿನಿಂದ ಹಚ್ಚಿ. ಎರಡು ಮೂರು ಸುತ್ತಿಗೆ ನಿಮ್ಮ ಪ್ಯಾಕೇಜ್ ತನಗೇನು ಬೇಕು ಅಂತ ತಾನೇ ಹೇಳಲು ಕಲಿಯುತ್ತದೆ.

ಸುತ್ತು ಸುತ್ತು ಹಾಕಿದರೆ ಹಾಟ್‌ಸ್ಪಾಟ್ ಖಾಲಿ ಆಗುತ್ತದಲ್ಲ ಅನ್ನುತ್ತೀರಿ. ಲ್ಯಾಪ್‌ಟಾಪ್‌ನಲ್ಲಿ, ಇಳಿದ ಪ್ಯಾಕೇಜ್‌ಗಳನ್ನು ಕೂಡಿಡುವ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ, ಅದು 3142ನೇ ಪೋರ್ಟ್‌ನಲ್ಲಿ ಕೂರುತ್ತದೆ. ಕ್ಯೂಎಮುವಿನ ಯೂಸರ್ ನೆಟ್‌ವರ್ಕ್‌ನಲ್ಲಿ ವಿಎಂಗೆ ನಿಮ್ಮ ಲ್ಯಾಪ್‌ಟಾಪ್ ಕಾಣುವುದು 10.0.2.2 ಎಂಬ ವಿಳಾಸದಲ್ಲಿ. ಒಳಗಿನ ಆಪ್ಟ್‌ಗೆ ಪ್ರಾಕ್ಸಿಯಾಗಿ ಅದನ್ನೇ ಹೇಳಿ, ತಳದ ಇಮೇಜ್‌ನಲ್ಲೇ ಇದನ್ನು ಬರೆದಿಡಿ. ಮೂಲಗಳ ಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಅಂತಿದ್ದರೆ ಎಚ್‌ಟಿಟಿಪಿ ಮಾಡಬೇಕು, ಇಲ್ಲವಾದರೆ ಕ್ಯಾಷ್ ಆಗುವುದಿಲ್ಲ. ಪ್ಯಾಕೇಜ್‌ಗಳ ಅಸಲಿತನವನ್ನು ಆಪ್ಟ್ ಸಹಿಯಿಂದಲೇ ಪರೀಕ್ಷಿಸುವುದರಿಂದ ಹೆದರಿಕೆ ಇಲ್ಲ. ಒಂದು ಸಲ ಇಳಿದದ್ದು ಮತ್ತೆ ಇಳಿಯುವುದಿಲ್ಲ.

ಬಿಲ್ಡ್ ಆದ ಡೆಬ್ ಫೈಲ್ ಹೊರಗೆ ತಂದಿರಿ. ಅದೇ ವಿಎಂನಲ್ಲಿ ಹಾಕಿ ಪರೀಕ್ಷಿಸಿದರೆ ಬಿಲ್ಡ್‌ಗೆ ಬಂದ ಲೈಬ್ರರಿಗಳೆಲ್ಲ ಅಲ್ಲೇ ಇರುತ್ತವೆ, ಏನೂ ಗೊತ್ತಾಗುವುದಿಲ್ಲ. ಬಿಲ್ಡ್ ಸಾಮಾನು ಏನೂ ಇಲ್ಲದ ಇನ್ನೊಂದು ಶುದ್ಧ ತಳ ಇಟ್ಟುಕೊಂಡು ಅದರ ಓವರ್‌ಲೇನಲ್ಲಿ ಹಾಕಿ. ನಿಮ್ಮ ಚೌಕಗಳು ಇಲ್ಲಿ ಸಿಕ್ಕಿಬೀಳುತ್ತವೆ. ಡಿಪೆಂಡ್ಸ್ ಸಾಲಿನಲ್ಲಿ 'ಶ್‌ಲಿಬ್ಸ್' ಎಂಬ ಬದಲಿ ಪದ ಬರೆದರೆ, ನಿಮ್ಮ ಬೈನರಿ ಯಾವ ಲೈಬ್ರರಿ ಕೇಳುತ್ತದೆ ಅಂತ ಡಿಪಿಕೆಜಿ ಅದರ ಹೊಟ್ಟೆ ಬಗೆದು ನೋಡಿ ಜಿಲಿಬ್‌ಸಿ, ಪ್ಯಾಂಗೊ ಎಲ್ಲ ತುಂಬಿಕೊಳ್ಳುತ್ತದೆ. ಫಾಂಟ್ ಮಾತ್ರ ಅಲ್ಲಿ ಕಾಣುವುದಿಲ್ಲ. ಫಾಂಟ್ ಓಡುವಾಗ ಹುಡುಕುವ ವಸ್ತು, ಬೈನರಿಯಲ್ಲಿ ಅದರ ಗುರುತೇ ಇರುವುದಿಲ್ಲ. ಅದನ್ನು ನೀವೇ ಬರೆಯಬೇಕು: ಲೋಹಿತ್ ಕನ್ನಡದ ಪ್ಯಾಕೇಜ್ ಇದೆ, ಗುಬ್ಬಿ ಇದೆ, ಒಂದನ್ನು ಆರಿಸಿ. ಶುದ್ಧ ವಿಎಂನಲ್ಲಿ ಒಂದು ಪಟ್ಟಿಯನ್ನು ಪಿಡಿಎಫ್ ಆಗಿ ತೆಗೆದು, ಪಾಪ್ಲರ್ ಜೊತೆ ಬರುವ ಪಿಡಿಎಫ್‌ಫಾಂಟ್ಸ್ ಕಮಾಂಡ್ ಕೊಡಿ. ಸಾಲಿನಲ್ಲಿ ಲೋಹಿತ್ ಅಥವಾ ಗುಬ್ಬಿ ಹೆಸರು ಬಂದರೆ ಸರಿ, ಡೆಜಾವು ಒಂದೇ ಬಂದರೆ ಪಿಡಿಎಫ್ ತೆರೆಯುವ ಅಗತ್ಯವೇ ಇಲ್ಲ, ಒಳಗಿರುವುದು ಚೌಕ. ಪರೀಕ್ಷೆಗೆ 'ಒಟ್ಟು', 'ಕ್ವಿಂಟಲ್' ಎಂಬ ಒತ್ತಕ್ಷರದ ಪದಗಳಿರುವ ಪಟ್ಟಿಯನ್ನೇ ಬಳಸಿ.

ಕೈಯಿಂದ ಎರಡು ಸಲ ಮಾಡಿ ಅರ್ಥವಾದ ಮೇಲೆ ಇದೆಲ್ಲ ಮೂವತ್ತು ಸಾಲಿನ ಶೆಲ್ ಸ್ಕ್ರಿಪ್ಟ್. ಓವರ್‌ಲೇ ಮಾಡು, ಕ್ಯೂಎಮು ಹಿನ್ನೆಲೆಯಲ್ಲಿ ಹಚ್ಚು, ಎಸ್‌ಎಸ್‌ಎಚ್ ಓಗೊಡುವ ತನಕ ಎರಡೆರಡು ಸೆಕೆಂಡಿಗೆ ತಟ್ಟು, ಟಾರ್ ಕಳಿಸು, ಬಿಲ್ಡ್ ಮಾಡು, ಡೆಬ್ ತಾ, ಪವರ್‌ಆಫ್, ಅಳಿಸು. ಎಸ್‌ಬಿಲ್ಡ್-ಕ್ಯೂಎಮು ಎಂಬ ಸಿದ್ಧ ಸಾಧನವೂ ಇದೆ, ಇಮೇಜ್ ಮಾಡುವುದರಿಂದ ಹಿಡಿದು ಎಲ್ಲ ಅದೇ ನಡೆಸುತ್ತದೆ. ಆದರೆ ಅದು ಕೆಟ್ಟಾಗ ಎಲ್ಲಿ ಕೆಟ್ಟಿತು ಅಂತ ತಿಳಿಯಲು ಈ ಕೈಕೆಲಸ ಗೊತ್ತಿರಬೇಕು, ಹಾಗಾಗಿ ಅದನ್ನು ಮೊದಲು ಹೇಳಲಿಲ್ಲ.

ಆವೃತ್ತಿ ಸಂಖ್ಯೆಯ ಕೊನೆಗೆ ಟಿಲ್ಡೆ (~) ಹಾಕಿ ಡೆಬ್12 ಅಂತ ಸೇರಿಸಿ. ನಾಳೆ ಅಂಗಡಿಯಲ್ಲಿ ಡೆಬಿಯನ್ 13 ಹಾಕಿದರೆ (ಅದು 2025ರ ಆಗಸ್ಟ್‌ನಲ್ಲೇ ಬಂದಿದೆ) ಹೊಸ ತಳದ ಮೇಲೆ ಅದೇ ಕೋಡನ್ನು ಡೆಬ್13 ಎಂದು ಬಿಲ್ಡ್ ಮಾಡಿ. ಆಪ್ಟ್ ಅದನ್ನೇ ದೊಡ್ಡದೆಂದು ಎಣಿಸಿ ಹಳೆಯದರ ಜಾಗಕ್ಕೆ ಕೂರಿಸುತ್ತದೆ. ದಾಲ್ ಮಿಲ್‌ನ ಉಬುಂಟುವಿಗೂ ಡೆಬಿಯನ್ 12ರಲ್ಲಿ ಆದ ಪ್ಯಾಕೇಜ್ ಬಹುಶಃ ನಡೆದೀತು. ಆದರೂ ನಾನಾದರೆ ಉಬುಂಟು ತಳದ ಇನ್ನೊಂದು ಬಿಲ್ಡ್ ಮಾಡುತ್ತೇನೆ. ಎರಡೂ ಕಡೆ ಲೈಬ್ರರಿ ಪ್ಯಾಕೇಜ್‌ಗಳ ಹೆಸರು ಯಾವಾಗಲೂ ಒಂದೇ ಇರುವುದಿಲ್ಲ.

ಅಂಗಡಿಗೆ ಒಯ್ದಾಗ ಡಿಪಿಕೆಜಿಯಿಂದ ಹಾಕಬೇಡಿ, ಅದು ಬೇಕಾದವನ್ನು ತರಿಸದೆ ಬರೀ ದೂರು ಹೇಳುತ್ತದೆ. ಆಪ್ಟ್ ಇನ್‌ಸ್ಟಾಲ್‌ಗೆ ಫೈಲ್ ಹೆಸರಿನ ಮುಂದೆ ಚುಕ್ಕೆ ಮತ್ತು ಓರೆಗೆರೆ ಹಾಕಿ ಕೊಡಿ, ಫಾಂಟ್ ಸಮೇತ ತಾನೇ ತರಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ನೆಟ್ ಇಲ್ಲದಿದ್ದರೆ ಹಾಟ್‌ಸ್ಪಾಟ್ ಇರುವ ಫೋನ್ ಜೊತೆಗೆ ಒಯ್ಯಿರಿ, ಮತ್ತು ಸವಾಲು (ಹರಾಜು) ನಡೆಯುವ ಹೊತ್ತು ಬಿಟ್ಟು ಹೋಗಿ.